ಪುರುಸೊತ್ತಿದ್ದರೆ ಓದು ಎನ್ನುವ ಮನೆಯಲ್ಲಿ

ಪ್ರಶ್ನೆ: ನನಗೆ 42 ವರ್ಷ. ಸಾಗರ ತಾಲ್ಲೂಕಿನ ಒಂದು ಹಳ್ಳಿಯವಳು. ಪೇಟೆಯ ಸಹಕಾರ ಸಂಘದಲ್ಲಿ ಗುಮಾಸ್ತೆಯ ಕೆಲಸ. ಬೆಳಿಗ್ಗೆ ಐದೂವರೆಗೆ ಎದ್ದರೆ ಕೊಟ್ಟಿಗೆ, ತಿಂಡಿ, ಮಕ್ಕಳ ಬುತ್ತಿ, ಆಮೇಲೆ ಎಂಟೂ ಮುಕ್ಕಾಲರ ಬಸ್ಸು. ಸಂಜೆ ಮನೆ ಮುಟ್ಟುವಾಗ ಆರು ದಾಟಿರುತ್ತದೆ. ಹೈಸ್ಕೂಲಿನಲ್ಲಿದ್ದಾಗ ನನಗೆ ಓದಿನ ಹುಚ್ಚು. ತ್ರಿವೇಣಿ, ಎಂ.ಕೆ. ಇಂದಿರಾ, ಸಾಯಿಸುತೆ ಯಾರದೇ ಕಾದಂಬರಿ ಸಿಕ್ಕಲಿ, ಮುಗಿಸಿಯೇ ಮಲಗುತ್ತಿದ್ದೆ. ಮದುವೆಯಾದ ಮೇಲೆ ಅದು ಎಲ್ಲಿ ಹೋಯಿತೋ ಗೊತ್ತಿಲ್ಲ. ಹೋದ ವರ್ಷ ಹೆಗ್ಗೋಡಿಗೆ ಹೋದಾಗ ಆಸೆಪಟ್ಟು ಐದು ಪುಸ್ತಕ ತಂದೆ. ಅದರಲ್ಲಿ ‘ಮಲೆಗಳಲ್ಲಿ ಮದುಮಗಳು’ ಮೂರು ಸಲ ಶುರು ಮಾಡಿದೆ. ಮೂರು ಸಲವೂ 60ನೇ ಪುಟದ ಹತ್ತಿರ ಬಿಟ್ಟೆ. ರಾತ್ರಿ ಎಲ್ಲರ ಊಟ, ಪಾತ್ರೆ ಮುಗಿಸಿ ಪುಸ್ತಕ ಹಿಡಿದರೆ ಎರಡು ಪುಟಕ್ಕೆ ಕಣ್ಣು ಎಳೆಯುತ್ತದೆ, ಅಕ್ಷರ ಮಸುಕಾಗುತ್ತದೆ. ಪುಸ್ತಕ ಬದಿಗಿಟ್ಟು ಫೋನ್ ಹಿಡಿದರೆ ಮಾತ್ರ ಹನ್ನೊಂದು ಗಂಟೆಯಾದದ್ದೂ ತಿಳಿಯುವುದಿಲ್ಲ. ಸಂಜೆ ಅತ್ತೆಯವರ ಜೊತೆ ಕೂತು ಧಾರಾವಾಹಿ ನೋಡಿದರೆ ಯಾರೂ ಏನೂ ಅನ್ನುವುದಿಲ್ಲ. ಪುಸ್ತಕ ಹಿಡಿದ ದಿನ ಅತ್ತೆ ‘ಓದೋಷ್ಟು ಪುರುಸೊತ್ತಾ ನಿಂಗೆ?’ ಅಂತಾರೆ. ಸಿಟ್ಟಿನಿಂದಲ್ಲ, ಸುಮ್ಮನೆ. ಆದರೂ ನಾನು ಪುಸ್ತಕ ಮುಚ್ಚಿಡುತ್ತೇನೆ. ಒಂಬತ್ತನೇ ತರಗತಿಯ ಮಗಳಿಗೆ ಓದು ಅಂದರೆ ‘ನೀನು ಯಾವಾಗ ಓದ್ತೀಯಮ್ಮ?’ ಅಂತಾಳೆ. ನನ್ನ ಓದುವ ಬುದ್ಧಿಯೇ ಹೊರಟುಹೋಯಿತೇ? ಸಮಯ ಎಲ್ಲಿಂದ ತರಲಿ?

– ಓದು ಮರೆತವಳು, ಸಾಗರ ತಾಲ್ಲೂಕು

ಉತ್ತರ: ಪ್ರೀತಿಯ ಸಹೋದರಿ,

ಓದುವ ಬುದ್ಧಿ ಎಲ್ಲಿಗೂ ಹೋಗಿಲ್ಲ. 60 ಪುಟ ಮೂರು ಸಲ ಎಂದರೆ 180 ಪುಟ ಓದಿದ್ದೀರಿ. ಒಂದು ಸಣ್ಣ ಕಾದಂಬರಿಯಷ್ಟು ಆಯಿತು. ಬಿಟ್ಟ ಪುಸ್ತಕವನ್ನು ಮೂರನೇ ಸಲವೂ ಎತ್ತಿಕೊಂಡವರನ್ನು ಓದು ಮರೆತವರು ಅನ್ನಲಾಗುವುದಿಲ್ಲ. ಆದ್ದರಿಂದ ನೀವು ಹಾಕಿದ ಆ ಸಹಿಯನ್ನು ಇವತ್ತಿಗೇ ಬಿಟ್ಟುಬಿಡಿ.

ನಿಮ್ಮ ಪತ್ರವನ್ನು ನಿಧಾನವಾಗಿ ಓದಿದೆ. ಸಮಯವಿಲ್ಲ ಎಂದು ನೀವು ಬರೆದಿದ್ದೀರಿ. ಆದರೆ ಪತ್ರದಲ್ಲಿ ಕಾಣುವ ತೊಂದರೆಗಳು ಬೇರೆ. ಒಂದೊಂದಾಗಿ ನೋಡೋಣ.

ಮೊದಲನೆಯದು ಕಣ್ಣು. 42ನೇ ವಯಸ್ಸಿನಲ್ಲಿ, ರಾತ್ರಿ ಬೆಳಕಿನಲ್ಲಿ, ಎರಡು ಪುಟಕ್ಕೆ ಅಕ್ಷರ ಮಸುಕಾಗುತ್ತದೆ ಎಂದರೆ ಅದನ್ನು ಸೋಮಾರಿತನ ಎಂದುಕೊಳ್ಳುವ ಮೊದಲು ಚಾಳೀಸು ಬಂದಿದೆಯೇ ಎಂದು ನೋಡಿಸಿ. 40 ದಾಟುತ್ತಿದ್ದಂತೆ ಕಣ್ಣಿನೊಳಗಿನ ಮಸೂರ ಮೊದಲಿನಷ್ಟು ಮೆತ್ತಗೆ ಬಾಗುವುದಿಲ್ಲ. ಹತ್ತಿರದ ಸಣ್ಣ ಅಕ್ಷರಕ್ಕೆ ಹೊಂದಿಕೊಳ್ಳಲು ಕಣ್ಣು ತಿಣುಕುತ್ತದೆ, ಮಂದ ಬೆಳಕಿನಲ್ಲಂತೂ ಇನ್ನೂ ಹೆಚ್ಚು. ಫೋನಿನ ಪರದೆ ತಾನೇ ಬೆಳಗುತ್ತದೆ, ಅದರಲ್ಲಿ ಅಕ್ಷರವನ್ನು ದೊಡ್ಡದು ಮಾಡಿಕೊಳ್ಳಬಹುದು. ಪುಸ್ತಕ ಬೇಡವಾಗಿ ಫೋನ್ ಹಿತವಾಗುವುದರಲ್ಲಿ ಇದರ ಪಾಲೂ ಇರಬಹುದು. ಎಷ್ಟೋ ಜನ ಈ ವಯಸ್ಸಿನಲ್ಲಿ ತಮಗೆ ಓದಿನ ಆಸಕ್ತಿ ಹೋಯಿತು ಎಂದುಕೊಂಡು ಕೊರಗುತ್ತಾರೆ. ಹೋದದ್ದು ಹತ್ತಿರದ ದೃಷ್ಟಿ ಮಾತ್ರ. ಈ ವಾರವೇ ಕಣ್ಣಿನ ಡಾಕ್ಟರಿಗೆ ತೋರಿಸಿ, ಕನ್ನಡಕ ಬೇಕೆಂದರೆ ಮಾಡಿಸಿಕೊಳ್ಳಿ. ಓದುವ ಜಾಗದಲ್ಲಿ ಭುಜದ ಹಿಂದಿನಿಂದ ಪುಟದ ಮೇಲೆ ಬೀಳುವ ಹಾಗೆ ಒಂದು ಒಳ್ಳೆಯ ದೀಪ ಹಾಕಿಸಿ. ಮಲೆನಾಡಿನ ಮಳೆಗಾಲದಲ್ಲಿ ಕರೆಂಟನ್ನು ನಂಬುವ ಹಾಗಿಲ್ಲ, ಚಾರ್ಜ್ ಆಗುವ ದೀಪವೇ ಇರಲಿ. ಉಳಿದ ಸಲಹೆಗಳೆಲ್ಲ ಇದಾದ ಮೇಲೆ.

ಎರಡನೆಯದು ಆ ಪುರುಸೊತ್ತಿನ ಮಾತು. ನಿಮ್ಮ ಸಮಸ್ಯೆಯ ಬೇರು ಇಲ್ಲಿದೆ ಎಂದು ನನಗನಿಸುತ್ತದೆ. ಧಾರಾವಾಹಿ ನೋಡುವಾಗ ಯಾರೂ ಕೇಳದ ಪ್ರಶ್ನೆ ಪುಸ್ತಕ ಹಿಡಿದಾಗ ಬರುತ್ತದೆ. ಟೀವಿ ಮನೆಯವರೆಲ್ಲ ಸೇರಿ ಮಾಡುವ ಕೆಲಸ, ನಡುವೆ ಎದ್ದು ಹಾಲು ನೋಡಿ ಬರಬಹುದು. ಓದುವವಳು ಅಲ್ಲೇ ಕೂತಿದ್ದರೂ ಮನೆಯವರ ಕೈಗೆ ಸಿಗುವುದಿಲ್ಲ. ಹೆಣ್ಣುಮಕ್ಕಳು ಹೀಗೆ ಕೈಗೆ ಸಿಗದೆ ಇರುವ ಅರ್ಧ ಗಂಟೆಯನ್ನು ನಮ್ಮ ಮನೆಗಳು ಇನ್ನೂ ಸರಿಯಾಗಿ ಒಪ್ಪಿಕೊಂಡಿಲ್ಲ. ಮನೆಯವರಿಗಿಂತ ಮೊದಲು ನಾವೇ ಒಪ್ಪಿಕೊಂಡಿಲ್ಲ. ಅತ್ತೆಯವರು ಸುಮ್ಮನೆ ಅಂದ ಮಾತಿಗೆ ನೀವು ಪುಸ್ತಕ ಮುಚ್ಚಿದಿರಿ. ಮುಚ್ಚು ಎಂದು ಅವರೇನೂ ಹೇಳಿರಲಿಲ್ಲ.

ಪುರುಸೊತ್ತಾದಾಗ ಓದೋಣ ಎಂದು ಕಾದರೆ ಪುರುಸೊತ್ತು ಬರುವುದೇ ಇಲ್ಲ. ಕೊಟ್ಟಿಗೆ ಇರುವ ಮನೆಯಲ್ಲಿ ಕೆಲಸ ಮುಗಿಯಿತು ಎನ್ನುವ ಗಳಿಗೆ ಎಲ್ಲಿಯದು? ಬೆಳಗಿನ ದೇವರ ಪೂಜೆಯನ್ನು ಯಾರೂ ಪುರುಸೊತ್ತು ನೋಡಿಕೊಂಡು ಮಾಡುವುದಿಲ್ಲ, ಅದಕ್ಕೊಂದು ಹೊತ್ತು ಗೊತ್ತಾಗಿರುತ್ತದೆ. ಪೂಜೆಗೆ ಕೂತವರನ್ನು ನಡುವೆ ಎಬ್ಬಿಸುವುದೂ ಇಲ್ಲ. ಓದಿಗೂ ಹಾಗೊಂದು ಗೊತ್ತಾದ ಹೊತ್ತು ಬೇಕು, ಅದು ಮನೆಯವರಿಗೆಲ್ಲ ತಿಳಿದಿರಬೇಕು.

ಅದಕ್ಕೆ ಕದ್ದು ಓದುವುದನ್ನು ನಿಲ್ಲಿಸಿ. ಎಲ್ಲರೂ ಊಟಕ್ಕೆ ಕೂತಾಗ ಹೇಳಿಬಿಡಿ: ‘ನಾಳೆಯಿಂದ ಏಳೂವರೆಯಿಂದ ಎಂಟರವರೆಗೆ ನಾನು ಓದ್ತೀನಿ. ಆಗ ಕರೀಬೇಡಿ.’ ಕ್ಷಮೆ ಕೇಳುವ ದನಿ ಬೇಡ, ಜಗಳದ ದನಿಯೂ ಬೇಡ. ಹಿಂದೊಮ್ಮೆ ಇದೇ ದೂರು ಹೊತ್ತು ಬಂದಿದ್ದ ಒಬ್ಬ ಶಿಕ್ಷಕಿಗೆ ಈ ಮಾತು ಹೇಳಿದ್ದೆ. ಮೊದಲ ದಿನಗಳಲ್ಲಿ ಅವರು ಕೂತ ತಕ್ಷಣವೇ ಮಗನಿಗೆ ಕಾಲುಚೀಲ ಸಿಗಲಿಲ್ಲ, ಗಂಡನಿಗೆ ಚಾರ್ಜರ್ ಸಿಗಲಿಲ್ಲ. ಅವರು ಪುಟದಿಂದ ತಲೆ ಎತ್ತದೆ ‘ಎಂಟಕ್ಕೆ ಬರ್ತೀನಿ’ ಎಂದಷ್ಟೇ ಹೇಳುತ್ತಿದ್ದರು. ಎಂಟು ಹೊಡೆದ ಕೂಡಲೇ ಎದ್ದು ಹೋಗಿ ಹುಡುಕಿಯೂ ಕೊಡುತ್ತಿದ್ದರು. ಬರಬರುತ್ತಾ ಮನೆಯವರು ತಾವೇ ಹುಡುಕಿಕೊಂಡರು. ಹೇಳಿದ ಹೊತ್ತಿಗೆ ಏಳುವುದು ಇದರಲ್ಲಿ ಬಹಳ ಮುಖ್ಯ. ಅರ್ಧ ಗಂಟೆ ಎಂದು ಹೇಳಿ ಒಂದೂವರೆ ಗಂಟೆ ಕೂತರೆ ಮನೆಯವರ ನಂಬಿಕೆ ಹೋಗುತ್ತದೆ.

ಅರ್ಧ ಗಂಟೆಯಲ್ಲಿ ಏನಾಗುತ್ತದೆ ಎನ್ನಬೇಡಿ. ಕೂತು ಸಾವರಿಸಿಕೊಳ್ಳುವುದಕ್ಕೆ ಹತ್ತು ನಿಮಿಷ ಕಳೆದು, ಪುಟಕ್ಕೆ ಎರಡು ನಿಮಿಷ ಹಿಡಿಯಿರಿ. ದಿನಕ್ಕೆ ಹತ್ತು ಪುಟ, ತಿಂಗಳಿಗೆ 300 ಪುಟ. ‘ಮಲೆಗಳಲ್ಲಿ ಮದುಮಗಳು’ ಏಳುನೂರು ಪುಟದ ಆಸುಪಾಸಿನ ಪುಸ್ತಕ. ನಡುನಡುವೆ ಮದುವೆ ಮುಂಜಿ, ಜ್ವರ, ನೆಂಟರು ಎಂದು ದಿನ ತಪ್ಪಿದರೂ ಒಂದು ಮಳೆಗಾಲದಲ್ಲಿ ಮುಗಿಯುತ್ತದೆ. ನೀವು ಹುಡುಗಿಯಾಗಿದ್ದಾಗ ಒಂದೇ ರಾತ್ರಿಗೆ ಕಾದಂಬರಿ ಮುಗಿಸಿದ ನೆನಪನ್ನು ಇಟ್ಟುಕೊಂಡು ಈಗಿನ ಓದನ್ನು ಅಳೆಯುತ್ತಿದ್ದೀರಿ. ಅದು ಸರಿಯಲ್ಲ. 1956ರಲ್ಲಿ ಶುರುವಾದ ‘ಕಸ್ತೂರಿ’, 1965ರ ‘ಸುಧಾ’, ಆಮೇಲೆ ಬಂದ ‘ಮಯೂರ’, ‘ತರಂಗ’ ಇವನ್ನೆಲ್ಲ ಓದಿ ಬೆಳೆದವರು ನಮ್ಮಲ್ಲಿ ಲಕ್ಷಗಟ್ಟಲೆ ಇದ್ದಾರೆ. ವಾರಪತ್ರಿಕೆಯ ಕಾದಂಬರಿ ವಾರಕ್ಕೆ ನಾಲ್ಕಾರು ಪುಟದಷ್ಟೇ ಬರುತ್ತಿತ್ತು. ಉಳಿದ ಆರು ದಿನ ಮುಂದೇನಾಯಿತೋ ಎಂದು ಅಡುಗೆಮನೆಯಲ್ಲಿ, ಬಾವಿಕಟ್ಟೆಯಲ್ಲಿ ಮಾತು. ತುಣುಕು ತುಣುಕಾಗಿ ಓದಿಯೂ ಪೂರ್ತಿ ಓದುವುದು ಕನ್ನಡದ ಓದುಗರಿಗೆ ಹೊಸದಲ್ಲ.

ಮೂರನೆಯದು, ಯಾವ ಹೊತ್ತಿಗೆ ಯಾವ ಪುಸ್ತಕ ಎಂಬುದು. ದಿನದ ಕೆಲಸವೆಲ್ಲ ಮುಗಿಸಿದ ದಣಿವಿನಲ್ಲಿ, ಮುರಿದು ಮುರಿದು ಸಿಗುವ ಹೊತ್ತಿನಲ್ಲಿ ನೀವು ಹಿಡಿದದ್ದು ಕನ್ನಡದ ಅತ್ಯಂತ ದಟ್ಟವಾದ ಕಾದಂಬರಿಗಳಲ್ಲಿ ಒಂದನ್ನು. 1967ರಲ್ಲಿ ಕುವೆಂಪು ಅದನ್ನು ಪ್ರಕಟಿಸಿದಾಗ ಒಬ್ಬ ನಾಯಕನ ಬೆನ್ನು ಹತ್ತುವ ಕಥೆಯನ್ನು ಕೊಡಲಿಲ್ಲ. ಗುತ್ತಿ, ತಿಮ್ಮಿ, ಐತ, ಪೀಂಚಲು, ಮುಕುಂದಯ್ಯ, ಚಿನ್ನಮ್ಮ ಎಲ್ಲರಿಗೂ ಅಲ್ಲಿ ಸಮನಾದ ಜಾಗ. ಸಿಂಬಾವಿ, ಹಳೆಮನೆ, ಕೋಣೂರು, ಬೆಟ್ಟಳ್ಳಿ ಎಂದು ಮನೆಯಿಂದ ಮನೆಗೆ ಕಥೆ ದಾಟುತ್ತದೆ. ನಾಲ್ಕು ದಿನ ಬಿಟ್ಟು ಹಿಡಿದರೆ ಯಾರು ಯಾವ ಮನೆಯವರೆಂಬುದೇ ಮರೆತಿರುತ್ತದೆ, ಮತ್ತೆ ಮೊದಲಿನಿಂದ ಶುರು ಮಾಡಬೇಕೆನಿಸುತ್ತದೆ. ನೀವು 60ನೇ ಪುಟದಲ್ಲಿ ನಿಂತದ್ದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ. ಇದಕ್ಕೆ ಒಂದು ಸುಲಭದ ದಾರಿ ಇದೆ. ಒಂದು ಬಿಳಿ ಕಾಗದವನ್ನು ಮಡಚಿ ಪುಸ್ತಕದೊಳಗೇ ಇಡಿ. ಹೊಸ ಹೆಸರು ಬಂದಾಗಲೆಲ್ಲ ಬರೆದುಕೊಳ್ಳಿ: ಯಾವ ಮನೆ, ಯಾರಿಗೆ ಏನಾಗಬೇಕು. ಸಂಘದಲ್ಲಿ ಲೆಡ್ಜರ್ ಬರೆಯುವ ಕೈ ನಿಮ್ಮದು, ಇದು ಕಷ್ಟವಲ್ಲ. ಓದು ನಿಲ್ಲಿಸುವಾಗ ಕಥೆ ಎಲ್ಲಿಗೆ ಬಂತು ಎಂದು ಅದರ ಕೆಳಗೇ ಒಂದು ಸಾಲು ಹಾಕಿ. ಮರುದಿನ ಆ ಕಾಗದ ನೋಡಿ ಮುಂದುವರಿಯಬಹುದು.

ಆದರೆ ಆ ಕಾದಂಬರಿಯನ್ನು ಈಗಲೇ ಹಿಡಿಯಬೇಡಿ. ಮೊದಲು ಒಂದೆರಡು ಸಣ್ಣ ಪುಸ್ತಕ ಓದಿ ಮುಗಿಸಿ. ಒಂದು ಪುಸ್ತಕ ಮುಗಿಯಿತು ಎನ್ನುವುದು ಮುಂದಿನದಕ್ಕೆ ಧೈರ್ಯ ಕೊಡುತ್ತದೆ. ನಿಮಗೆ ಇಷ್ಟದ ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ದಿಂದಲೇ ಶುರು ಮಾಡಬಹುದು. ಹಿಂದೆ ಓದಿದ್ದರೂ ಮತ್ತೆ ಓದಿ. ಒಂಬತ್ತು ಹತ್ತನೇ ತರಗತಿಯ ಹುಡುಗಿಗೆ ಕಂಡ ಫಣಿಯಮ್ಮನೇ ಬೇರೆ, ಮನೆಯ ಹೊಣೆ ಹೊತ್ತ 42ರ ಹೆಂಗಸಿಗೆ ಕಾಣುವವಳೇ ಬೇರೆ. ನಿಮ್ಮ ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿಯಲ್ಲಿ 1917ರಲ್ಲಿ ಹುಟ್ಟಿದ ಇಂದಿರಾ ಅವರಿಗೆ ಶಾಲೆ ಸಿಕ್ಕಿದ್ದು ಕೆಲವೇ ವರ್ಷ, ಮದುವೆ ಬಾಲ್ಯದಲ್ಲೇ. ಅವರ ಮೊದಲ ಕಾದಂಬರಿ ‘ತುಂಗಭದ್ರ’ ಹೊರಬಂದದ್ದು 1963ರಲ್ಲಿ. ಈಗ ನೀವಿರುವ ವಯಸ್ಸನ್ನು ದಾಟಿದ ಮೇಲೆ ಅವರು ಬರೆಯಲು ಶುರು ಮಾಡಿದ್ದು. ಓದಿಗೆ ತಡವಾಯಿತು ಎಂದು ನಿಮಗನಿಸಿದಾಗ ಅವರನ್ನು ನೆನೆಯಿರಿ.

ಅದಾದ ಮೇಲೆ ತೇಜಸ್ವಿಯವರ ‘ಕರ್ವಾಲೋ’, ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಹಿಡಿಯಬಹುದು. ಎರಡೂ ಚಿಕ್ಕವು, ಎರಡೂ ಕೈ ಬಿಡದೆ ಓದಿಸಿಕೊಳ್ಳುತ್ತವೆ. ಹತ್ತೇ ನಿಮಿಷ ಸಿಗುವ ದಿನಗಳಿಗೆ ಒಂದು ಕಥಾಸಂಕಲನ ಜೊತೆಗಿರಲಿ. ವೈದೇಹಿಯವರ ಕಥೆಗಳು ನಿಮ್ಮಂಥವರ ಅಡುಗೆಮನೆಯನ್ನೂ ಮನಸ್ಸನ್ನೂ ಬಲ್ಲವು. 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಾಗ ಊರೆಲ್ಲ ಮಾತಾಡಿದ ಬಾನು ಮುಷ್ತಾಕ್ ಅವರ ಕಥೆಗಳನ್ನು ಮೂಲ ಕನ್ನಡದಲ್ಲೇ ಓದುವ ಭಾಗ್ಯ ನಮಗಿದೆ, ಅದನ್ನು ಬಿಡಬೇಡಿ. ಹಿಡಿದ ಪುಸ್ತಕ ರುಚಿಸದಿದ್ದರೆ ಬಿಟ್ಟು ಬೇರೆಯದು ಹಿಡಿಯಿರಿ. ಅರ್ಧಕ್ಕೆ ಬಿಟ್ಟ ಪುಸ್ತಕಕ್ಕೆ ಯಾರಿಗೂ ಲೆಕ್ಕ ಒಪ್ಪಿಸಬೇಕಾಗಿಲ್ಲ.

ಎಲ್ಲವನ್ನೂ ಕೊಳ್ಳಬೇಕಾಗಿಯೂ ಇಲ್ಲ. ಮನೆ ಕಂದಾಯದ ರಸೀತಿ ತೆಗೆದು ನೋಡಿ, ಅದರಲ್ಲಿ ಗ್ರಂಥಾಲಯ ಕರ ಎಂಬ ಬಾಬ್ತು ಇರುತ್ತದೆ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ಸ್ಥಳೀಯ ಸಂಸ್ಥೆಗಳು ಅದನ್ನು ವಸೂಲಿ ಮಾಡುತ್ತವೆ. ನೀವು ಆಗಲೇ ದುಡ್ಡು ಕೊಟ್ಟಿರುವ ಪುಸ್ತಕಗಳು ಪೇಟೆಯ ಗ್ರಂಥಾಲಯದಲ್ಲಿ, ಪಂಚಾಯಿತಿಯ ಅರಿವು ಕೇಂದ್ರದಲ್ಲಿ ಕಾಯುತ್ತಿವೆ. ಎರವಲು ತಂದ ಪುಸ್ತಕಕ್ಕೆ ಇನ್ನೊಂದು ಗುಣವಿದೆ, ಅದನ್ನು ಇಂಥ ದಿನ ಹಿಂದಿರುಗಿಸಬೇಕು. ಸ್ವಂತ ಪುಸ್ತಕ ಕಪಾಟಿನಲ್ಲಿ ವರ್ಷಗಟ್ಟಲೆ ಸುಮ್ಮನಿರುತ್ತದೆ. ಗ್ರಂಥಾಲಯದ ಮೊಹರು ಬಿದ್ದ ತಾರೀಕು ನಮ್ಮನ್ನು ಓದಿಸುತ್ತದೆ.

ಬಸ್ಸಿನ ಹೊತ್ತನ್ನು ಕೂಡ ಬಿಟ್ಟುಕೊಡಬೇಡಿ. ಘಟ್ಟದ ತಿರುವುಗಳಲ್ಲಿ ಪುಸ್ತಕ ಹಿಡಿದರೆ ತಲೆ ತಿರುಗುತ್ತದೆ, ಅಲ್ಲಿ ಕೇಳುವುದೇ ಒಳ್ಳೆಯದು. ‘ಮೈಲ್ಯಾಂಗ್’ನಂಥ ಆ್ಯಪ್‌ಗಳಲ್ಲಿ ಕನ್ನಡದ ಪುಸ್ತಕಗಳು ಆಡಿಯೋ ರೂಪದಲ್ಲೂ ಸಿಗುತ್ತವೆ. ಕೇಳುವುದು ಓದಿದ ಹಾಗಾಗುತ್ತದೆಯೇ ಎಂಬ ಅನುಮಾನ ಬೇಡ. ನಮ್ಮ ನಾಡಿನಲ್ಲಿ ಗದುಗಿನ ಭಾರತವನ್ನೂ ಜೈಮಿನಿ ಭಾರತವನ್ನೂ ಬಲ್ಲವರಲ್ಲಿ ಹೆಚ್ಚಿನವರು ಕಿವಿಯಿಂದಲೇ ಬಲ್ಲವರು.

ಈ ಮಾತು ನಿಮ್ಮ ಅತ್ತೆಯವರ ಹತ್ತಿರ ಕರೆದುಕೊಂಡು ಹೋಗುತ್ತದೆ. ಅವರ ಮಾತನ್ನು ಆಕ್ಷೇಪಣೆ ಎಂದು ತೆಗೆದುಕೊಳ್ಳಬೇಡಿ. ಅವರು ಬೆಳೆದ ಕಾಲದಲ್ಲಿ ಹೆಂಗಸಿನ ಕೈ ಖಾಲಿ ಇರಬಾರದಿತ್ತು. ಕೂತಲ್ಲೇ ಹೂಬತ್ತಿ ಹೊಸೆಯಬೇಕು, ಹಪ್ಪಳ ಒತ್ತಬೇಕು. ಆದರೆ ಅದೇ ಮಲೆನಾಡಿನ ಮನೆಗಳಲ್ಲಿ ಓದು ಎಲ್ಲರ ಪಾಲಿನದೂ ಆಗಿತ್ತು. ಅಡಿಕೆ ಸುಲಿಯುವ ರಾತ್ರಿಗಳಲ್ಲಿ ಎರಡು ಕೈಯೂ ಮೆಟ್ಟುಗತ್ತಿಗೆ, ಕಿವಿ ಮಾತ್ರ ಖಾಲಿ. ಕಥೆ ಹೇಳುವವರೋ ಓದುವವರೋ ಒಬ್ಬರಿದ್ದರೆ ಸುಲಿದದ್ದೇ ತಿಳಿಯುತ್ತಿರಲಿಲ್ಲ. ಮಳೆಗಾಲಕ್ಕೆ ತಾಳಮದ್ದಲೆ, ಗಮಕಿಗಳು ಬಂದರೆ ಭಾರತ ವಾಚನ. ಇವತ್ತಿಗೂ ಗಮಕಕ್ಕೆ ಹೆಸರಾದ ಹೊಸಹಳ್ಳಿ ಇರುವುದು ನಿಮ್ಮ ಜಿಲ್ಲೆಯಲ್ಲೇ, ಅಲ್ಲಿನ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂತು. ಆದ್ದರಿಂದ ವಾರಕ್ಕೆ ಒಂದೆರಡು ಸಂಜೆ ಧಾರಾವಾಹಿಯ ಹೊತ್ತಿನಲ್ಲಿ ‘ಫಣಿಯಮ್ಮ’ವನ್ನು ಅತ್ತೆಯವರಿಗೆ ಗಟ್ಟಿಯಾಗಿ ಓದಿ ಹೇಳಿ ನೋಡಿ. ಆ ಕಾಲದ ಮಡಿ, ಮೈಲಿಗೆ, ಬಾಲವಿಧವೆಯರ ಪಾಡು ಅವರು ಕಂಡು ಕೇಳಿದ ಲೋಕ. ನಿಮಗೆ ಗೊತ್ತಿಲ್ಲದ್ದನ್ನು ನಡುವೆ ನಿಲ್ಲಿಸಿ ಅವರೇ ಹೇಳಿಯಾರು. ಮುಂದೇನಾಯಿತು ಎಂದು ಕೇಳುವವರು ಓದುವಷ್ಟು ಪುರುಸೊತ್ತಾ ಎಂದು ಕೇಳುವುದಿಲ್ಲ. ನಿಮ್ಮ ಸ್ವಂತದ ಅರ್ಧ ಗಂಟೆಯನ್ನು ಮಾತ್ರ ಇದಕ್ಕೆ ಕೊಟ್ಟುಬಿಡಬೇಡಿ. ಅದು ಬೇರೆ, ಇದು ಬೇರೆ.

ಇನ್ನು ಫೋನು. ಅದನ್ನು ಬೈದು ಪ್ರಯೋಜನವಿಲ್ಲ, ದೂರ ಇಡುವುದೊಂದೇ ಉಪಾಯ. ಪುಸ್ತಕಕ್ಕೆ ಅಧ್ಯಾಯದ ಕೊನೆ ಎಂಬುದಿದೆ, ಕಥೆಯ ಕೊನೆ ಎಂಬುದಿದೆ. ರೀಲ್ಸ್‌ಗೆ ಕೊನೆಯಿಲ್ಲ. ಒಂದು ಮುಗಿಯುವುದರೊಳಗೆ ಇನ್ನೊಂದು ತಾನಾಗಿ ಬರುವ ಹಾಗೆ ಮಾಡಿಟ್ಟಿದ್ದಾರೆ. ಅದಕ್ಕೇ ಹನ್ನೊಂದಾದದ್ದು ನಿಮಗೆ ತಿಳಿಯುವುದಿಲ್ಲ. ಹತ್ತು ಸೆಕೆಂಡಿಗೊಂದು ಹೊಸತು ಬಯಸಲು ಕಲಿತ ಮನಸ್ಸು ಪುಸ್ತಕದ ಮೊದಲ ಐದಾರು ನಿಮಿಷ ಚಡಪಡಿಸುತ್ತದೆ. ಓದಿದ ಸಾಲನ್ನೇ ಮತ್ತೆ ಓದುತ್ತೀರಿ, ನಾಳೆಯ ತಿಂಡಿ ನೆನಪಾಗುತ್ತದೆ, ಎದ್ದು ಹೋಗೋಣ ಎನಿಸುತ್ತದೆ. ಆ ಐದಾರು ನಿಮಿಷವನ್ನು ಸಹಿಸಿಕೊಂಡು ಕೂತರೆ ಆಮೇಲೆ ಕಥೆಯೇ ಹಿಡಿದುಕೊಳ್ಳುತ್ತದೆ. ಓದುವ ಹೊತ್ತಿನಲ್ಲಿ ಫೋನ್ ಜಗುಲಿಯಲ್ಲೋ ಪಡಸಾಲೆಯಲ್ಲೋ ಚಾರ್ಜಿಗಿರಲಿ, ಮಲಗುವ ಕೋಣೆಗೆ ಬೇಡವೇ ಬೇಡ. ದಿಂಬಿನ ಪಕ್ಕದ ಆ ಜಾಗದಲ್ಲಿ ಪುಸ್ತಕವಿರಲಿ. ನಿದ್ದೆಗೆ ಮುಂಚೆ ಎರಡೇ ಪುಟ ಓದಿದರೂ ಲಾಭವೇ.

ಮಗಳ ಪ್ರಶ್ನೆಗೆ ಬಾಯಿಮಾತಿನ ಉತ್ತರ ಬೇಡ. ಅವಳು ನಿಮ್ಮನ್ನು ಹಂಗಿಸಲಿಲ್ಲ, ಕಂಡದ್ದನ್ನು ಕೇಳಿದಳು. ನೀವು ಏಳೂವರೆಗೆ ಕೂರುವುದನ್ನು ಅವಳು ದಿನವೂ ನೋಡಲಿ. ‘ನೀನೂ ಬಾ’ ಎಂದು ಎಳೆಯಬೇಡಿ, ಅಂಕಕ್ಕೆ ಒಳ್ಳೆಯದು ಎಂದು ಆಸೆ ತೋರಿಸಬೇಡಿ. ಒಂಬತ್ತನೇ ತರಗತಿಯವರಿಗೆ ಓದು ಎಂದರೆ ಪರೀಕ್ಷೆ ಎಂದಷ್ಟೇ ಗೊತ್ತು; ಯಾರೂ ಪ್ರಶ್ನೆ ಕೇಳದ ಓದೂ ಒಂದಿದೆ ಎಂಬುದನ್ನು ಅವಳು ತಾಯಿಯ ಮುಖದಲ್ಲಿ ಕಾಣಬೇಕು. ಗ್ರಂಥಾಲಯಕ್ಕೆ ಹೋಗುವ ದಿನ ಜೊತೆಗೆ ಕರೆದುಕೊಂಡು ಹೋಗಿ, ಅವಳಿಗೆ ಬೇಕಾದ್ದನ್ನು ಅವಳೇ ಆರಿಸಲಿ. ಅದು ಪತ್ತೇದಾರಿ ಆಗಿರಲಿ, ಚಿತ್ರಕಥೆ ಆಗಿರಲಿ, ನಿಮ್ಮ ಮುಖದಲ್ಲಿ ಬೇಸರ ಕಾಣಬಾರದು. ನೀವೂ ಒಂದು ಕಾಲಕ್ಕೆ ಸಿಕ್ಕಿದ್ದೆಲ್ಲ ಓದಿಯೇ ಓದುಗರಾದವರು.

ಹಾಗಾದರೆ ಶುರು ಹೇಗೆ? ಈ ವಾರ ಕಣ್ಣು ಪರೀಕ್ಷೆ. ಕನ್ನಡಕ ಬರುವಷ್ಟರಲ್ಲಿ ಹೊತ್ತು ಗೊತ್ತು ಮಾಡಿ ಮನೆಯವರಿಗೆಲ್ಲ ಹೇಳಿ. ಮೊದಲ ತಿಂಗಳು ಒಂದೇ ಒಂದು ಸಣ್ಣ ಪುಸ್ತಕ, ಹೆಚ್ಚಿಗೆ ಬೇಡ. ಎಷ್ಟು ಪುಸ್ತಕ ಆಯಿತು ಎಂದು ಎಣಿಸುವ, ಯಾರಿಗೋ ತೋರಿಸುವ ಚಪಲಕ್ಕೆ ಬೀಳಬೇಡಿ. ಒಂದು ದಿನ ತಪ್ಪಿದರೆ ಮರುದಿನ ಅದೇ ಹೊತ್ತಿಗೆ ಕೂತರೆ ಸಾಕು, ತಪ್ಪಿದ ದಿನದ ಬಾಕಿ ತೀರಿಸುವ ಗೊಡವೆ ಇಲ್ಲ. ‘ಮಲೆಗಳಲ್ಲಿ ಮದುಮಗಳು’ ಮಳೆ ಹಿಡಿಯುವವರೆಗೆ ಕಪಾಟಿನಲ್ಲೇ ಇರಲಿ. ಅಷ್ಟರಲ್ಲಿ ಕಣ್ಣಿಗೂ ಮನಸ್ಸಿಗೂ ಮನೆಗೂ ಅಭ್ಯಾಸವಾಗಿರುತ್ತದೆ.

ದಿನವಿಡೀ ನೀವು ಗಂಡ, ಮಕ್ಕಳು, ಅತ್ತೆ, ದನಕರು, ಸಂಘದ ಸದಸ್ಯರು ಎಂದು ಎಲ್ಲರಿಗೂ ಹೊತ್ತು ಕೊಡುತ್ತೀರಿ. ಅದರಲ್ಲಿ ಅರ್ಧ ಗಂಟೆಯನ್ನು ನಿಮಗಾಗಿ ತೆಗೆದಿಟ್ಟರೆ ಯಾರ ಪಾಲನ್ನೂ ಕಿತ್ತುಕೊಂಡ ಹಾಗಾಗುವುದಿಲ್ಲ. ಅದು ನಿಮ್ಮದೇ ಪಾಲು. ಕೇಳಿ ಪಡೆಯಿರಿ.